ನಾಲ್ಕು ನೀಲಿ ಡ್ರಮ್ಮುಗಳು

ಮಗಳು ಈಗ ಒಂದನೇ ತರಗತಿ. ಭಾನುವಾರ ಸಂಜೆ ಅವಳ ಕಪ್ಪು ಬೂಟಿಗೆ ಪಾಲಿಶ್ ಹಚ್ಚುವುದು ನನ್ನ ಪಾಲಿನ ಕೆಲಸ. ಹೋದ ವಾರ ಹೊಸ ಡಬ್ಬಿ ತಂದಿದ್ದೆ. ಮುಚ್ಚಳ ತಿರುಗಿಸಿದ್ದೇ ತಡ, ಎಣ್ಣೆ ಎಣ್ಣೆಯಾದ, ಕಹಿಬಾದಾಮಿಯಂಥ ಆ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ವಡೋದರಾದ ಈ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೂತಿದ್ದವನಿಗೆ ನರೋಡಾದ ಒಂದು ಶಾಲೆಯ ಅಂಗಳ ಕಣ್ಣೆದುರು ಬಂತು. ಅದರ ಗೇಟಿನಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ ಮಾಸಿಯೂ...

ಆಗ ನನಗೆ ಇಪ್ಪತ್ತಾರು. ರಾಣೆಬೆನ್ನೂರಿನಿಂದ ಅಹಮದಾಬಾದಿಗೆ ಹೋದವನು, ನರೋಡಾದಲ್ಲಿ ಬಟ್ಟೆಯ ಬಣ್ಣಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಊಟ ತಿಂಡಿಯೆಲ್ಲ ಕುಂದಾಪುರದ ಕಡೆಯವರೊಬ್ಬರ ಹೋಟೆಲಿನಲ್ಲಿ. ಕನ್ನಡ ಮಾತಾಡಲು ಸಿಗುತ್ತಿದ್ದವರು ಅವರೊಬ್ಬರೇ. ಹತ್ತಿರದ ಪ್ರಾಥಮಿಕ ಶಾಲೆಯ ಸಹಾಯ ಸಮಿತಿಗೆ ನನ್ನನ್ನು ಎಳೆದುಕೊಂಡು ಹೋದವರೂ ಅವರೇ. ಐದು ಕೋಣೆ, ಒಂದು ಬೇವಿನ ಮರ, ಕಾರ್ಖಾನೆ ಕೂಲಿಗಳ ಮಕ್ಕಳು. ಮಧ್ಯಾಹ್ನದ ಪಾಳಿ ಇದ್ದ ವಾರಗಳಲ್ಲಿ ನಾನು ಬೆಳಗ್ಗೆ ಹೋಗಿ ಗಣಿತ ಹೇಳಿಕೊಡುತ್ತಿದ್ದೆ.

ಮಾಸಿ ಅಲ್ಲಿಯ ಆಯಾ. ಚಿಕ್ಕಮ್ಮ ಅನ್ನುವ ಅರ್ಥದ ಆ ಶಬ್ದವೇ ಅವರ ಹೆಸರಾಗಿಬಿಟ್ಟಿತ್ತು. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಸಣ್ಣ ಮಕ್ಕಳ ಮೂಗು ಒರೆಸುವುದು ಎಲ್ಲ ಅವರದೇ. ಐವತ್ತು ದಾಟಿದ ಒಣಕಲು ಹೆಂಗಸು. ಶಾಲೆಗೆ ಯಾರಾದರೂ ಬಂದರೆ ಮಾಸಿ ಮುಖ ನೋಡುತ್ತಿರಲಿಲ್ಲ, ಮೊದಲು ಕೈ ನೋಡುತ್ತಿದ್ದರು. ಕೈಯಲ್ಲಿ ಏನು ತಂದಿದ್ದಾರೆ, ಯಾಕೆ ತಂದಿದ್ದಾರೆ... ದಾನಿಗಳು ಬಿಸ್ಕತ್ತು ತಂದರೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳನ್ನು ಕರೆದು ಪೊಟ್ಟಣದ ಮೇಲಿನ ತಾರೀಖು ಓದಿಸುತ್ತಿದ್ದರು. ಆಮೇಲೆ ಒಂದನ್ನು ತಾವೇ ಕಚ್ಚಿ, ಅಗಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ಹಂಚಲು ಬಿಡುತ್ತಿದ್ದರು. ದಾನಿಗಳಿಗೆ ಮುಜುಗರ. ನಮಗೆ ನಾಚಿಕೆ.

ನನ್ನನ್ನು ಕಂಡರಂತೂ ಅವರಿಗೆ ಆಗುತ್ತಿರಲಿಲ್ಲ. ಮೊದಲ ದಿನವೇ ನನ್ನ ಅಂಗಿಯ ಹತ್ತಿರ ಮೂಗು ತಂದು, ಯಾವ ಫ್ಯಾಕ್ಟರಿ ಎಂದು ಕೇಳಿದ್ದರು. ಹೇಳಿದೆ. ‘ಹ್ಞೂಂ’ ಎಂದು ಪಕ್ಕಕ್ಕೆ ಸರಿದು ಗೇಟು ಅರ್ಧ ಮಾತ್ರ ತೆರೆದರು. ಈ ಹೆಂಗಸು ಏನನ್ನೋ ಮುಚ್ಚಿಡುತ್ತಿದ್ದಾಳೆ, ಅದಕ್ಕೇ ಹೊರಗಿನವರನ್ನು ಕಂಡರೆ ಆಗುವುದಿಲ್ಲ ಎಂದು ನನಗೂ ಅಂದಿನಿಂದ ಒಂದು ಗುಮಾನಿ.

ಆ ವರ್ಷ ಸಮಿತಿ ಕೈಗೆತ್ತಿಕೊಂಡದ್ದು ಕುಡಿಯುವ ನೀರಿನ ಕೆಲಸ. ನಲ್ಲಿಯಲ್ಲಿ ಬೆಳಗ್ಗೆ ಒಂದು ತಾಸು ನೀರು ಬರುತ್ತಿತ್ತು, ಮಧ್ಯಾಹ್ನಕ್ಕೆ ಮಕ್ಕಳ ತುಟಿ ಒಣಗುತ್ತಿತ್ತು. ಬೇಸಿಗೆಯೊಳಗೆ ಕಟ್ಟೆ, ಟ್ಯಾಂಕು, ನಲ್ಲಿಗಳ ಸಾಲು ಆಗಬೇಕೆಂದು ಒಂದು ಭಾನುವಾರ ಅಂಗಳದಲ್ಲೇ ಮೇಳ ಇಟ್ಟೆವು. ತಾಯಂದಿರು ಮನೆಯಿಂದ ಢೋಕಳಾ, ಥೇಪ್ಲಾ ಮಾಡಿ ತಂದರು. ಹೋಟೆಲಿನವರು ಇಡ್ಲಿ ಚಟ್ನಿಯ ಪಾತ್ರೆಗಳನ್ನು ರಿಕ್ಷಾದಲ್ಲಿ ಹೊರಿಸಿಕೊಂಡು ಬಂದರು. ಮಾಸಿ ಆ ಚಟ್ನಿಯನ್ನೂ ಮೊದಲು ನೆಕ್ಕಿ ನೋಡಿಯೇ ಬಿಟ್ಟದ್ದು. ಮಕ್ಕಳು ಬಿಡಿಸಿದ ಚಿತ್ರಗಳನ್ನು ಅವರವರ ಅಪ್ಪಂದಿರೇ ಕೊಂಡುಕೊಂಡರು. ಸಂಜೆ ನೋಡಿದರೆ, ಕೂಡಿದ್ದು ಕಟ್ಟೆಗೂ ಪೈಪಿಗೂ ಸಾಕಾಗುವಂತಿತ್ತು, ಟ್ಯಾಂಕಿಗೆ ಸಾಲದು.

ಆಗ ಎದ್ದು ನಿಂತವನು ನಾನು. ನಮ್ಮ ಕಾರ್ಖಾನೆಯಿಂದ ದೊಡ್ಡ ಡ್ರಮ್ಮುಗಳನ್ನು ಉಚಿತವಾಗಿ ಕೊಡಿಸುತ್ತೇನೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮ ಕಾರ್ಖಾನೆಯ ಉಗ್ರಾಣದವನು ನನಗೆ ಕೊಟ್ಟ ಮಾತು ಉಳಿಸಿಕೊಂಡ. ವಾರದೊಳಗೆ ನಾಲ್ಕು ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಟೆಂಪೋದಲ್ಲಿ ಬಂದವು. ಗ್ಲಿಸರಿನ್ ಇದ್ದವು, ಮೂರು ಸಲ ತೊಳೆಸಿದ್ದೇವೆ ಎಂದಿದ್ದ. ಮಕ್ಕಳು ಅವುಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದೊಂದು ಹೂವು ಬರೆದರು. ಮೋಟಾಬೆನ್ ಎಂದು ಎಲ್ಲರೂ ಕರೆಯುತ್ತಿದ್ದ ಮುಖ್ಯೋಪಾಧ್ಯಾಯಿನಿ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಎಲ್ಲ ಮುಗಿದ ಮೇಲೆ ಮಾಸಿ ಕಟ್ಟೆ ಹತ್ತಿ, ಒಂದು ಮುಚ್ಚಳ ತೆಗೆದು ತಲೆ ಒಳಗಿಟ್ಟರು.

“ಇದರಲ್ಲಿ ಏನಿತ್ತು ಭಾಯ್?”

ಗ್ಲಿಸರಿನ್, ಔಷಧಿಗೂ ಸಾಬೂನಿಗೂ ಹಾಕುವಂಥದ್ದು ಎಂದು ವಿವರಿಸಿದೆ.

“ಅವರು ಏನು ಹೇಳಿದ್ರು ಅಂತ ಕೇಳ್ಲಿಲ್ಲ. ಏನಿತ್ತು ಅಂತ ಕೇಳಿದೆ.”

ಜನರ ಎದುರು ಹೀಗಂದದ್ದು ನನಗೆ ಚುಚ್ಚಿತು.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ಬೆಳಗ್ಗೆ ತುಂಬಿಸಿದ ಡ್ರಮ್ಮುಗಳು ಪ್ರಾರ್ಥನೆಯ ಹೊತ್ತಿಗೆಲ್ಲ ಖಾಲಿ. ಮಕ್ಕಳು ಕುಡಿಯುತ್ತಿದ್ದುದು ಹಳೆಯ ಎರಡು ಮಣ್ಣಿನ ಮಡಕೆಗಳಿಂದ. ಅದಕ್ಕೆ ಮಾಸಿ ರಸ್ತೆಯಾಚೆಯ ವಸತಿ ಕಟ್ಟಡದಿಂದ ಕೊಡದಲ್ಲಿ ನೀರು ಹೊತ್ತು ತರುತ್ತಿದ್ದರು. ಹಾಗಾದರೆ ಡ್ರಮ್ಮಿನ ನೀರು ಎಲ್ಲಿ ಹೋಗುತ್ತಿತ್ತು? ಶಾಲೆಯ ಹಿಂದಿನ ಗಲ್ಲಿಯಲ್ಲೇ ಮಾಸಿಯ ಮನೆ. ಆ ಗಲ್ಲಿಗೆ ಮಾರುತ್ತಿದ್ದಾರೆ ಎಂದು ಸಮಿತಿಯಲ್ಲಿ ಒಬ್ಬರು ಅಂದರು. ಪೈಪು ಎಳೆದಿರಬೇಕು ಎಂದರು ಇನ್ನೊಬ್ಬರು. ಮರುದಿನ ನಾನು ಏಳು ಗಂಟೆಗೇ ಹೋಗಿ ಎದುರಿನ ಪಾನ್ ಅಂಗಡಿಯ ಮರೆಯಲ್ಲಿ ನಿಂತೆ. ಈಗ ನೆನೆದರೆ ಮೈ ಹಿಡಿಯಾಗುತ್ತದೆ, ಆಗ ಪತ್ತೇದಾರನ ಉತ್ಸಾಹ...

ಮಾಸಿ ಬಂದರು. ಅತ್ತಿತ್ತ ನೋಡಿದರು. ಒಂದೊಂದೇ ನಲ್ಲಿ ತಿರುಗಿಸಿ ಅಷ್ಟೂ ನೀರನ್ನು ಚರಂಡಿಗೆ ಬಿಟ್ಟರು. ಮಾರುವುದೂ ಇಲ್ಲ, ಒಯ್ಯುವುದೂ ಇಲ್ಲ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಜನ ಬೆವರು ಸುರಿಸಿ ಒದಗಿಸಿದ ನೀರನ್ನು ಸುಮ್ಮನೆ ಚೆಲ್ಲುತ್ತಿದ್ದರು. ಕದ್ದಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಹೋಗಿ ಕೇಳಿದೆ. ಮಾಸಿ ಬೆದರಲಿಲ್ಲ.

“ಬೂಟ್ ಪಾಲಿಶ್ ವಾಸನೆ ಬರ್ತದೆ,” ಎಂದರು.

ಮಕ್ಕಳ ಬೂಟಿನದಿರಬೇಕು ಎಂದೆ.

“ಯಾವ ಮಕ್ಕಳ ಬೂಟು ಭಾಯ್? ಅರ್ಧ ಶಾಲೆ ಚಪ್ಪಲಿಯಲ್ಲಿ ಬರ್ತದೆ, ಇನ್ನರ್ಧ ಬರಿಗಾಲಲ್ಲಿ.”

ನಾನು ಡ್ರಮ್ಮಿಗೆ ಮೂಗಿಟ್ಟು ನೋಡಿದೆ. ನನಗೆ ಏನೂ ಬರಲಿಲ್ಲ. ಓದಿದವನು ನಾನು, ಕೆಮಿಸ್ಟ್ ನಾನು. ಹೆಬ್ಬೆಟ್ಟು ಒತ್ತುವ ಹೆಂಗಸು ನನಗೆ ವಾಸನೆ ಕಲಿಸುವುದೇ? ತಳದಲ್ಲಿ ಉಳಿದಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿ ಅವರ ಕಣ್ಣೆದುರೇ ಅರ್ಧ ಲೋಟ ಕುಡಿದೆ. ಅವರು ತಡೆಯಲಿಲ್ಲ. ನನ್ನನ್ನೇ ನೋಡುತ್ತಾ ನಿಂತಿದ್ದರು, ಬಿಸ್ಕತ್ತು ಅಗಿದ ಮೇಲೆ ಕಾಯುತ್ತಾರಲ್ಲ, ಹಾಗೆ. ಸಂಜೆ ನನಗೆ ತಲೆನೋವು ಬಂತು. ಬಿಸಿಲಿಗೆ ಎಂದುಕೊಂಡೆ.

ಸಮಿತಿಗೆ ದೂರು ಬರೆದುಕೊಟ್ಟವನು ನಾನೇ. ನಾಲ್ಕೇ ಸಾಲು. ಮೋಟಾಬೆನ್‌ಗೆ ಮನಸ್ಸಿರಲಿಲ್ಲ, ಆದರೆ ದಾನಿಗಳು ಮುನಿಸಿಕೊಂಡರೆ ಎಂಬ ಅಂಜಿಕೆಗೆ ಮಾಸಿಯನ್ನು ಕೆಲಸದಿಂದ ಬಿಡಿಸಿದರು. ಮಾಸಿ ಬೀಗದಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಹೋದರು. ಮಡಕೆಗಳು ಅವರ ಸ್ವಂತದವು, ಬಿಟ್ಟೇ ಹೋದರು. ಕುಡಿಯೋದಕ್ಕೆ ಇದರಲ್ಲೇ ತುಂಬಿಸಿ ಎಂದಷ್ಟೇ ಹೇಳಿದರಂತೆ. ಯಾರೂ ತುಂಬಿಸಲಿಲ್ಲ.

ಏಪ್ರಿಲ್ ಬಂತು. ಮಕ್ಕಳು ಡ್ರಮ್ಮಿನ ನೀರು ಕುಡಿಯತೊಡಗಿದರು. ಕೆಲವರಿಗೆ ತಲೆನೋವು, ಕೆಲವರಿಗೆ ವಾಂತಿ. ಎಲ್ಲರೂ ಬಿಸಿಲನ್ನು ಬೈದರು. ಒಂದು ಬೆಳಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಕುಸಿದು ಬಿದ್ದಳು. ಎತ್ತಿಕೊಂಡವನು ನಾನು. ಅವಳ ತುಟಿ ನೀಲಿಗಟ್ಟಿತ್ತು. ಉಗುರೂ.

ನೀಲಿ ತುಟಿ... ನಮ್ಮ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಓದಿಸಿದ್ದ ಫಲಕ ನೆನಪಾಯಿತು. ತಲೆನೋವು, ವಾಂತಿ, ನೀಲಿ ತುಟಿ ಕಂಡರೆ ತಕ್ಷಣ ಹೊರಗೆ ಒಯ್ಯಬೇಕು. ಬಣ್ಣದ ತಯಾರಿಕೆಗೆ ನಾವು ದಿನವೂ ಬಳಸುತ್ತಿದ್ದ ಎಣ್ಣೆಯಂಥ ಒಂದು ದ್ರವಕ್ಕೆ ಆ ಫಲಕ. ಅದರ ವಾಸನೆ ಬೂಟ್ ಪಾಲಿಶಿನದೇ. ಅದನ್ನು ಪ್ಲಾಸ್ಟಿಕ್ಕು ಹೀರಿಕೊಂಡರೆ ಮೂರಲ್ಲ, ಮೂವತ್ತು ಸಲ ತೊಳೆದರೂ ಹೋಗುವುದಿಲ್ಲ. ನನಗೆ ವಾಸನೆ ಬಾರದಿದ್ದುದು ಯಾಕೆಂದರೆ ದಿನವೆಲ್ಲ ನಾನು ಅದರಲ್ಲೇ ಇರುತ್ತಿದ್ದೆ. ನನ್ನ ಅಂಗಿ, ನನ್ನ ಕೂದಲು, ನನ್ನ ಹಾಸಿಗೆಯೂ ಅದೇ ನಾರುತ್ತಿದ್ದಿರಬೇಕು.

ಡಾಕ್ಟರಿಗೆ ಅದನ್ನೇ ಹೇಳಿದೆ. ಹುಡುಗಿ ಉಳಿದಳು. ಶಾಲೆಯ ನೀರನ್ನು ಬಾಟಲಿಯಲ್ಲಿ ಒಯ್ದು ನಮ್ಮದೇ ಪ್ರಯೋಗಾಲಯದಲ್ಲಿ ನೋಡಿದೆ, ಸಂಶಯಕ್ಕೆ ಎಡೆಯಿರಲಿಲ್ಲ. ಉಗ್ರಾಣದವನನ್ನು ಹಿಡಿದು ಕೇಳಿದಾಗ ಮೆಲ್ಲಗೆ ಬಾಯಿ ಬಿಟ್ಟ. ಗ್ಲಿಸರಿನ್ ಡ್ರಮ್ಮುಗಳಿಗೆ ಒಳ್ಳೆಯ ಬೆಲೆ ಬಂದಿತ್ತಂತೆ, ಮಾರಿಬಿಟ್ಟಿದ್ದ. ಶಾಲೆಗೆ ಕಳಿಸಿದ್ದು ಗುಜರಿ ಅಂಗಡಿಯಿಂದ ತಂದವು. ಧರ್ಮಕ್ಕೆ ಕೊಡೋದಲ್ವೇ ಸಾಹೇಬ್ ಎಂದ.

ಸಮಿತಿಯಲ್ಲಿ ಎಲ್ಲ ಹೇಳಿದೆ. ಕೊನೆಗೆ ಬಿಸಿಲು ಅಂತಲೇ ಇರಲಿ, ಇಲ್ಲದಿದ್ದರೆ ನಾಳೆಯಿಂದ ಈ ಶಾಲೆಗೆ ಯಾರೂ ಒಂದು ಪೆನ್ಸಿಲ್ಲನ್ನೂ ಕೊಡುವುದಿಲ್ಲ ಎಂದು ಹಿರಿಯರೊಬ್ಬರು ತೀರ್ಮಾನ ಹೇಳಿದರು. ನಾನು ತಲೆಯಾಡಿಸಿದೆ. ಹೌದು, ಆಡಿಸಿದೆ. ಡ್ರಮ್ಮುಗಳನ್ನು ಸೋರುತ್ತವೆ ಎಂಬ ನೆಪದಲ್ಲಿ ಇಳಿಸಿ ಗುಜರಿಯವನಿಗೇ ಕೊಟ್ಟೆವು.

ಹೋಟೆಲಿನವರು ಮಾತ್ರ ಸುಮ್ಮನಿರಲಿಲ್ಲ. ತಟ್ಟೆ ಮುಂದಿಟ್ಟು ನನ್ನ ಎದುರೇ ಕೂತರು.

“ನೀವು ಕೆಮಿಸ್ಟ್ ಅಲ್ವಾ ಮಾರಾಯ್ರೆ? ನಿಮಗೆ ಗೊತ್ತಾಗದ್ದು ಆ ಹೆಂಗಸಿಗೆ ಹೇಗೆ ಗೊತ್ತಾಯ್ತು? ಅದನ್ನಾದ್ರೂ ಹೋಗಿ ಕೇಳಿ ಬನ್ನಿ.”

ಗಲ್ಲಿಗೆ ಹೋದರೆ ಮಾಸಿಯ ಮನೆಗೆ ಬೀಗ. ಪಕ್ಕದ ಮನೆಯವಳು ಹೇಳಿದಳು. ಶಾಲೆಗೆ ಸೇರುವ ಮೊದಲು ಹನ್ನೊಂದು ವರ್ಷ ಮಾಸಿ ಕಾರ್ಖಾನೆಗಳ ಖಾಲಿ ಡ್ರಮ್ಮು ತೊಳೆಯುವ ಕೂಲಿ ಮಾಡಿದ್ದರಂತೆ. ತಂಗಿಯೂ ಜೊತೆಗೇ ಇದ್ದಳು. ಒಂದು ಮಧ್ಯಾಹ್ನ ಡ್ರಮ್ಮಿನೊಳಗೆ ಬಗ್ಗಿದ ತಂಗಿ ಎದ್ದೇಳಲಿಲ್ಲ. ಈಗ ಮಾಸಿ ಸೂರತ್ತಿನಲ್ಲಿ ಮಗಳ ಮನೆಯಲ್ಲಿ, ಪಾಂಡೇಸರಾದಲ್ಲಿ.

ಸೂರತ್ತಿಗೆ ಹೋದೆ. ಸೀರೆಗೆ ಬಣ್ಣ ಹಾಕುವ ಮಿಲ್ಲುಗಳ ಹಿಂದಿನ ಸಾಲುಮನೆ. ಮಾಸಿ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಕ್ಷಮೆಯ ಮಾತುಗಳನ್ನು ಹೇಳಿದೆ. ಅವರು ಅಕ್ಕಿಯಿಂದ ಕಣ್ಣು ಎತ್ತಲಿಲ್ಲ. ಹುಡುಗಿ ಬದುಕಿದಳಾ ಎಂದು ಕೇಳಿದರು. ಬದುಕಿದಳು ಎಂದೆ.

“ಡ್ರಮ್ಮು ಈಗ ಎಲ್ಲಿವೆ?”

ಭಂಗಾರಿನವನಿಗೆ ಕೊಟ್ಟೆವು ಎಂದೆ. ಗುಜರಿಗೆ ಅಲ್ಲಿ ಭಂಗಾರ್ ಅನ್ನುತ್ತಾರೆ.

ಮಾಸಿ ಮೊರ ಕೆಳಗಿಟ್ಟರು. ಆಗ ನನ್ನ ಮುಖ ನೋಡಿದರು.

“ಹಾಗಾದ್ರೆ ಇನ್ನೊಂದು ಶಾಲೆಗೆ ಹೋಗಿರ್ತವೆ.”

ಅಷ್ಟು ಹೇಳಿ ಒಳಗೆ ಹೋಗಿ ಚೀಲಕ್ಕೆ ಒಂದು ಸೀರೆ ತುರುಕಿಕೊಂಡು ಬಂದರು. ಮಗಳು ಬೇಡವೆಂದಳು, ನಾನೂ ಬೇಡವೆಂದೆ, ಕೇಳಲಿಲ್ಲ. ಅಹಮದಾಬಾದಿನ ರೈಲಿನಲ್ಲಿ ಕಿಟಕಿಯ ಪಕ್ಕ ಕೂತರು. ನಾನು ಕೊಡಿಸಿದ ಚಹಾವನ್ನೂ ಮೂಸಿ ನೋಡಿಯೇ ಕುಡಿದರು.

ಎರಡು ದಿನ ನರೋಡಾದ ಗುಜರಿ ಅಂಗಡಿಗಳನ್ನು ಸುತ್ತಿದೆವು. ಬೆಟ್ಟದಂತೆ ಒಟ್ಟಿದ ಡ್ರಮ್ಮುಗಳು, ಎಲ್ಲವೂ ನೀಲಿ. ಮೊದಲ ಎರಡು ಒಂದೇ ಅಂಗಡಿಯಲ್ಲಿ ಸಿಕ್ಕವು, ಬಿಳಿ ಹೂವಿನ ಗುರುತು ಇನ್ನೂ ಇತ್ತು. ಮೂರನೆಯದರ ಹೂವನ್ನು ಯಾರೋ ಕೆರೆದಿದ್ದರು. ಮಾಸಿ ಮೂಗಿನಿಂದಲೇ ಹಿಡಿದರು. ಆಮೇಲೆ ನೋಡಿದರೆ ಬಿಳಿ ಎಸಳೊಂದು ಉಳಿದಿತ್ತು. ಮೂರನ್ನೂ ಕೊಂಡು ಗುಜರಿ ಅಂಗಡಿಯ ಅಂಗಳಕ್ಕೆ ಉರುಳಿಸಿದೆವು. ಮಾಸಿ ಹಾರೆ ಕೇಳಿ ತಂದರು. ನಾನು ಮಾಡುತ್ತೇನೆ ಎಂದರೂ ಬಿಡಲಿಲ್ಲ. ಎರಡೂ ಕೈಯಿಂದ ಎತ್ತಿ ಎತ್ತಿ ಕುಕ್ಕಿದರು. ಒಂದೊಂದಕ್ಕೂ ಏಳೆಂಟು ತೂತು. ಅಂಗಡಿಯವನು ಹುಚ್ಚಿ ಎಂದ. ಅವರು ಅಳುತ್ತಿದ್ದರೋ ಬೆವರುತ್ತಿದ್ದರೋ ನನಗೆ ತಿಳಿಯಲಿಲ್ಲ...

ನಾಲ್ಕನೆಯದು ಸಿಗಲಿಲ್ಲ. ಯಾರೋ ಟೆಂಪೋದವನು ಒಯ್ದ, ನೀರು ತುಂಬಿಡಲು ಬೇಕಂತೆ ಎಂದಷ್ಟೇ ಅಂಗಡಿಯವನಿಗೆ ಗೊತ್ತಿತ್ತು.

ಶಾಲೆಗೆ ವಾಪಸು ಬನ್ನಿ ಎಂದು ಮೋಟಾಬೆನ್ ಕರೆದರು. ಮಾಸಿ ಒಪ್ಪಲಿಲ್ಲ. ಬೀಗದಕೈ ಗೊಂಚಲು ಈಗ ಯಾರ ಹತ್ತಿರ ಇದೆ, ಅವಳು ಹೇಗೆ ಎಂದು ಮಾತ್ರ ವಿಚಾರಿಸಿ ಸೂರತ್ತಿನ ರೈಲು ಹತ್ತಿದರು. ಬಿದ್ದ ಹುಡುಗಿಯ ತಾಯಿಗೆ ನಿಜ ಹೇಳಿಯೇ ಬಂದಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ನಾನು ಹೇಳಬೇಕಾಗಿದ್ದ ಮಾತು ಅದು. ಆ ತಾಯಿ ಮರುದಿನ ಶಾಲೆಗೆ ಬಂದು ನನ್ನನ್ನೇ ನೋಡಿ, ಮಗಳ ಕೈ ಹಿಡಿದು ಹೊರಟುಹೋದಳು. ಆ ವರ್ಷವೇ ಕೆಲಸ ಬಿಟ್ಟು ವಡೋದರಾಕ್ಕೆ ಬಂದೆ.

ಮಾಸಿಗೆ ಆಗಾಗ ಫೋನ್ ಮಾಡುತ್ತಿದ್ದೆ. ಮದುವೆಯಾದಾಗ, ಮಗಳು ಹುಟ್ಟಿದಾಗ, ದೀಪಾವಳಿಗೆ. ನನ್ನನ್ನು ಅವರು ಕ್ಷಮಿಸಿದ್ದರೋ ಇಲ್ಲವೋ ಗೊತ್ತಿಲ್ಲ. ಅವರಿಂದ ಒಳ್ಳೆಯ ಮಾತು ಬಂದದ್ದಿಲ್ಲ. ನಾನು ಹಲೋ ಅನ್ನುವುದರೊಳಗೆ ಅವರ ಪ್ರಶ್ನೆ ಬರುತ್ತಿತ್ತು: “ನಾಲ್ಕನೇದು ಸಿಕ್ತಾ?” ಇಲ್ಲ ಎನ್ನುತ್ತಿದ್ದೆ. ಹುಡುಕ್ತಿದೀಯಾ ಎಂದು ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ. ಹ್ಞೂಂ ಎನ್ನುತ್ತಿದ್ದರು. ಆ ಹ್ಞೂಂನಲ್ಲಿ ನಂಬಿಕೆ ಇರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಮಾಸಿ ತೀರಿಕೊಂಡರು. ಅವರ ಮಗಳು ಫೋನ್ ಮಾಡಿ ಹೇಳಿದಳು. ಕಡೆಯ ಎರಡು ವರ್ಷ ಅವರಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲವಂತೆ. ತಟ್ಟೆ ಮುಂದೆ ಬಂದರೆ ಮೊಮ್ಮಗಳನ್ನು ಕರೆದು ಮೊದಲು ಮೂಸಿ ನೋಡು ಎನ್ನುತ್ತಿದ್ದರಂತೆ.

ಈಗ ದೀಪಾವಳಿಗೆ ಆ ಮನೆಗೆ ಫೋನ್ ಮಾಡಿದರೆ ಮಾಸಿಯ ಮಗಳು ಹಬ್ಬದ ಶುಭಾಶಯ ಹೇಳುತ್ತಾಳೆ, ನನ್ನ ಮಗಳ ಓದು ಕೇಳುತ್ತಾಳೆ. ನಾಲ್ಕನೆಯದರ ಬಗ್ಗೆ ನನ್ನನ್ನು ಕೇಳುವವರು ಯಾರೂ ಉಳಿದಿಲ್ಲ. ಅದು ಎಲ್ಲೋ ಒಂದು ಕಟ್ಟೆಯ ಮೇಲೆ ನೀರು ತುಂಬಿಕೊಂಡು ನಿಂತಿರಬಹುದು...