ಏನಂದ್ಳ ಆಕಿ?

ಬನಹಟ್ಟಿಯಲ್ಲಿ ನಮ್ಮ ಮನೆಯ ಮುಂದಿನ ಅರ್ಧ ಪವರ್‌ಲೂಮ್ ಮಗ್ಗಗಳಿಗೆ, ಹಿಂದಿನ ಅರ್ಧ ನಮ್ಮ ಸಂಸಾರಕ್ಕೆ. ಮಗ್ಗದ ಗದ್ದಲಕ್ಕೆ ನನ್ನ ಗಂಡನ ಕಿವಿ ಮಂದವಾಗಿ ವರ್ಷಗಳೇ ಆದವು. ಆದರೆ ಇವರ ಕಣ್ಣು ಬಲು ಚುರುಕು. ನಾನು ಮಗ್ಗದ ಆಚೆ ನಿಂತು ಬಾಯಿ ಆಡಿಸಿದರೆ ಸಾಕು, ಚಹಾ ಅಂದೆನೋ, ಎಳೆ ಹರಿಯಿತು ಅಂದೆನೋ, ತುಟಿ ನೋಡಿಯೇ ತಿಳಿಯುತ್ತಿದ್ದರು. ಮದುವೆಯಾದ ಮೇಲೆ ನನ್ನ ಮುಖ ನೋಡಿದ್ದೆಲ್ಲ ಇಷ್ಟಕ್ಕೇ. ಚಂದ ಕಾಣ್ತಿ ಅಂತ ಒಂದು ದಿನವೂ ಅಂದವರಲ್ಲ.

ಹೋದ ವರ್ಷ ಹಟ ಹಿಡಿದು ಇವರನ್ನು ಜಮಖಂಡಿಗೆ ಸಿನಿಮಾಕ್ಕೆ ಎಳೆದುಕೊಂಡು ಹೋದೆ. ಬೇರೆ ಭಾಷೆಯಿಂದ ಡಬ್ ಮಾಡಿದ ಚಿತ್ರ. ಗಂಡನಿಂದ ಬೇಸತ್ತ ಹೆಂಗಸೊಬ್ಬಳು ಹಾಡು ಕಲಿಸಲು ಬರುವವನ ಮೇಲೆ ಮನಸ್ಸಿಡುತ್ತಾಳೆ. ಅವನು ಅವಳ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಟ್ಟಿದ. ಅಯ್ಯ, ನನ್ನ ಮೈಯೆಲ್ಲ ಜುಮ್ಮೆಂದಿತು. ಆ ಗಂಡಸಿನ ಮೇಲೆ ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ.

ಪಕ್ಕದಿಂದ ಒಂದೇ ವರಾತ: "ಏನಂದ್ಳ ಆಕಿ?" ಡಬ್ಬಿಂಗಿನಲ್ಲಿ ತುಟಿಗೂ ಮಾತಿಗೂ ಹೊಂದುವುದಿಲ್ಲವಲ್ಲ, ಇವರಿಗೆ ಒಂದೂ ತಿಳಿಯಲಿಲ್ಲ. ಪ್ರತಿ ಮಾತನ್ನೂ ನಾನು ಇವರ ಕಿವಿಯಲ್ಲಿ ಒದರಬೇಕು, ಸುತ್ತಲಿನವರು ತಿರುಗಿ ನೋಡಬೇಕು. ನಾನು ಬಯಸಿದ್ದು ಪಿಸುಮಾತು, ನನ್ನ ಹಣೆಬರಹಕ್ಕೆ ಬಂದದ್ದು ಒದರುವುದು.

ಕೊನೆಗೆ ಆ ಹೆಂಗಸು ಊಟದ ತಟ್ಟೆ ಇಟ್ಟು ಗಂಡನನ್ನೇ ನೋಡುತ್ತ ನಿಂತಳು. ಪರದೆಯ ತುಂಬ ಅವಳ ಮುಖ. ಇವರು ಸರಿಯಾಗಿ ನೋಡದೆಯೇ, ರೂಢಿಯಂತೆ, ನನ್ನ ಕಡೆ ತಿರುಗಿದರು.

"ಏನಂದ್ಳ ಆಕಿ?"

ನನ್ನ ತಲೆ ಕೆಟ್ಟಿತು. "ನಿಮ್ಮ ಕೂಡ ಬಾಳೇ ಮಾಡಿ ಸಾಕಾಗೇತಿ ಅಂದ್ಳರಿ! ಜೀವಾ ಬ್ಯಾಸತ್ತು ಹೋಗೇತಿ ಅಂದ್ಳು!"

ಮುಂದಿನ ಸಾಲಿನವರು ನಕ್ಕರು. ಇವರು ನಗಲಿಲ್ಲ. ಪರದೆ ನೋಡಿದರು, ನನ್ನನ್ನು ನೋಡಿದರು. ಅವಳು ಬಾಯಿ ತೆರೆದೇ ಇರಲಿಲ್ಲ. ಅಷ್ಟನ್ನು ತಿಳಿಯಲು ಇವರಿಗೆ ನನ್ನ ಸಹಾಯ ಬೇಕಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಮನೆಗೆ ಬಂದ ಮೇಲೆ ನಾನೇ ಎದುರು ನಿಂತೆ.

"ಸಿಟ್ಟಿಲೆ ಅಂದ್ಬಿಟ್ಟೆರಿ. ಆದ್ರ ಸುಳ್ಳಲ್ಲ. ಒಂದೀಟ ನನ್ನ ಕೂಡ ಮಾತಾಡ್ರಿ, ಅಷ್ಟ ಸಾಕು ನನಗ."

ಇವರ ಕಣ್ಣು ನನ್ನ ತುಟಿಯ ಮೇಲಿರಲಿಲ್ಲ, ಗೋಡೆಯ ಮೇಲಿತ್ತು. ಭುಜ ಹಿಡಿದು ಅಲುಗಿಸಿದೆ. ಆಗಲೂ ತಿರುಗಲಿಲ್ಲ.

ಈಗಲೂ ಚಹಾ ಕೊಡುತ್ತೇನೆ, ತೆಗೆದುಕೊಳ್ಳುತ್ತಾರೆ. ಎಳೆ ಹರಿದರೆ ನಾನೇ ಹೋಗಿ ಮಗ್ಗ ಬಂದ್ ಮಾಡುತ್ತೇನೆ. ಏನಾದರೂ ಹೇಳೋಣವೆಂದು ಬಾಯಿ ತೆರೆದರೆ, ಇವರು ಕಣ್ಣು ಕೆಳಗೆ ಹಾಕುತ್ತಾರೆ.