ಗಾಳಿ ಬಡಿದ ಕೈ

ನಮ್ಮಕ್ಕನ ಬಲಗೈ ಮುರಿದದ್ದು ಯಾರ ತಪ್ಪೂ ಅಲ್ಲ. ಪಂಚಮಿಗೆಂದು ನಾವಿಬ್ಬರೇ ಶಹಾಪುರದ ಸೋದರತ್ತೆಯ ಮನೆಗೆ ಹೋಗಿದ್ದೆವು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಿಂದ ಬಿದ್ದಳು. ಅವಳಿಗೆ ಎಂಟು, ನನಗೆ ಐದು. ಅದು ಆಕ್ಸಿಡೆಂಟ್. ಆಮೇಲಿನದು ಅಲ್ಲ.

ಎಲುಬು ಕೂಡಿಸುವ ಮುದುಕ ಬಂದು ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ಸೀಳು ಇಟ್ಟು ಬಿಗಿಯಾಗಿ ಕಟ್ಟಿದ. ಹೋಗುವಾಗ ಅತ್ತೆಗೆ ಎರಡು ಸಲ ಹೇಳಿದ್ದನ್ನು ನಾನೇ ಕೇಳಿದ್ದೇನೆ. “ಮೂರನೇ ದಿನಕ್ಕ ಕರಕೊಂಡ್ ಬರ್ರಿ ಅವ್ವಾರ, ಸಡಲ ಮಾಡಬೇಕು. ಬೆರಳು ತಣ್ಣಗಾದ್ರ ಅವತ್ತೇ ಬರ್ರಿ.”

“ಹೂಂ, ಹೂಂ,” ಅಂದಳು ಅತ್ತೆ. ಮರುದಿನ ಸುರಪುರದಲ್ಲಿ ಅವಳ ದೂರದ ನಾದಿನಿಗೆ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ ಹಾಡು ಹೇಳುವ ಮನೆಯನ್ನು ಬಿಟ್ಟಿರುವ ಜೀವವಲ್ಲ ಅದು. ಎರಡು ದಿನಕ್ಕೆಂದು ಹೋದವಳು ಒಂಬತ್ತನೆಯ ದಿನ ಬಂದಳು.

ಅಷ್ಟರಲ್ಲಿ ಅಕ್ಕನ ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮನೆಯಲ್ಲಿದ್ದ ಅತ್ತೆಯ ಅತ್ತೆ ಹತ್ತಿರ ಬಂದು ನೋಡುತ್ತಿದ್ದಳು, ಮುಟ್ಟುತ್ತಿರಲಿಲ್ಲ. “ಸೊಸಿ ಬರಲಿ. ಆಕಿ ಕಟ್ಟಿಸ್ಯಾಳ. ನಾ ಬಿಚ್ಚಿಸಿದರ ಎಲ್ಲಾ ನನ್ನ ಮ್ಯಾಲ ಬರ್ತದ,” ಅನ್ನುತ್ತಿದ್ದಳು. ಐದನೆಯ ದಿನ ಅಕ್ಕ ಅಳುವುದನ್ನು ನಿಲ್ಲಿಸಿದಳು. ನೋವು ಇಳಿಯಿತು ಅಂದುಕೊಂಡೆವು. ಕೈ ಸತ್ತಿತ್ತು. ಕಟ್ಟು ಬಿಚ್ಚಿದಾಗ ಮಣಿಕಟ್ಟು ಒಣಗಿ, ಬೆರಳುಗಳು ಹಕ್ಕಿಯ ಕಾಲಿನ ಹಾಗೆ ಒಳಕ್ಕೆ ಮಡಚಿಕೊಂಡಿದ್ದವು. ಮತ್ತೆ ಬಿಚ್ಚಿಕೊಳ್ಳಲೇ ಇಲ್ಲ.

ಅಪ್ಪ ಯಾದಗಿರಿಯ ಕೋರ್ಟಿನಲ್ಲಿ ವಕೀಲರು, ಉರ್ದುವಿನಲ್ಲಿ ವಾದ ಮಾಡುತ್ತಿದ್ದರು. ಸುದ್ದಿ ತಿಳಿದು ಅವ್ವನ ಜೊತೆ ಶಹಾಪುರಕ್ಕೆ ಬಂದು ನೋಡಿದರು, ತಮ್ಮ ಅಕ್ಕನ ಮುಖವನ್ನೂ ನೋಡಿದರು. ತೀರ್ಪನ್ನು ಟಾಂಗಾದಲ್ಲಿ ಅವ್ವನಿಗೆ ಹೇಳಿದರು: “ಯಾರರೆ ಕೇಳಿದರ ಗಾಳಿ ಬಡದದ ಅನ್ನು. ನಮ್ಮಕ್ಕನ ಹೆಸರು ಬರಬಾರದು. ಹುಡುಗಿ ಹೋಗಿ ಬಾಳಬೇಕಾದ ಮನಿ ಅದು.”

ಅಕ್ಕನನ್ನು ತೊಟ್ಟಿಲಲ್ಲಿದ್ದಾಗಲೇ ಆ ಅತ್ತೆಯ ಮಗನಿಗೆ ಗೊತ್ತು ಮಾಡಿದ್ದರು. ಆ ಮಾತು ಮುರಿಯದಿರಲಿ ಅಂತಲೇ ಅಪ್ಪ ದೆವ್ವ-ಗಾಳಿಯ ಕಥೆ ಕಟ್ಟಿದ್ದು. ನೆಗ್ಲಿಜೆನ್ಸ್ ಎಂಬ ಶಬ್ದ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಊರವರ ಕೇಸುಗಳಲ್ಲಿ ದಿನಾ ಅದನ್ನೇ ಉರ್ದುವಿನಲ್ಲಿ ಹೇಳಿ ಗೆಲ್ಲುತ್ತಿದ್ದರು.

ಮುಂದಿನ ಹತ್ತು ವರ್ಷ ಮನೆಯಲ್ಲಿ ಎರಡು ಕೆಲಸ ನಡೆದವು. ಒಬ್ಬಳಾದರೂ ನೆಟ್ಟಗಿರಲಿ ಅಂತ ನನ್ನನ್ನು ರೈಲು ಹತ್ತಿಸಿ ಸಿಕಂದರಾಬಾದಿನ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು. ಅಕ್ಕನಿಗೆ ಅವ್ವ ಎಡಗೈಯೊಂದರಲ್ಲೇ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದಳು. ರೊಟ್ಟಿ ಹರಿದರೆ ಅದೇ ಹಿಟ್ಟಿನ ಕೈಯಿಂದ ಬೆನ್ನಿಗೆ ಬಡಿಯುತ್ತಿದ್ದಳು. “ಅತ್ತಿ ಮನ್ಯಾಗ ಕುಂಟ ರೊಟ್ಟಿ ಅನ್ನಿಸ್ಕೋಬ್ಯಾಡ. ಬಡಿ ಮತ್ತೊಂದು!” ರಜೆಗೆ ಬಂದಾಗ ನಾನು ಬೆಚ್ಚಗಿನ ರೊಟ್ಟಿ ತಿನ್ನುತ್ತ, ಸಿಸ್ಟರ್ ಕಲಿಸಿದ ಪಿಯಾನೋದ ಬಗ್ಗೆ ಹೇಳುತ್ತಿದ್ದೆ. ದುಂಡಗೆ, ತೆಳ್ಳಗೆ ಇರುತ್ತಿದ್ದವು ಆ ರೊಟ್ಟಿಗಳು. ಅಂಥವನ್ನು ಆಮೇಲೆ ತಿಂದಿಲ್ಲ.

ನಿಜಾಮರ ಆಳ್ವಿಕೆ ಇನ್ನೇನು ಮುಗಿಯುತ್ತದೆ ಎಂಬ ಗುಸುಗುಸು ಎದ್ದಿದ್ದ ವರ್ಷ. ಅಕ್ಕನಿಗೆ ಹದಿನೆಂಟು, ರಜೆಗೆ ಬಂದಿದ್ದ ನನಗೆ ಹದಿನೈದು. ಒಂದು ಮಧ್ಯಾಹ್ನ ಅತ್ತೆ ಸೀರೆ, ಕುಪ್ಪಸದ ಕಣ, ಉತ್ತತ್ತಿ, ಕೊಬ್ಬರಿ ಬಟ್ಟಲುಗಳನ್ನು ಗಂಟು ಕಟ್ಟಿಕೊಂಡು ಬಂದಳು. ಹುಡುಗಿಯ ಸೆರಗಿಗೆ ಉಡಿ ತುಂಬಿ ಮದುವೆಯ ಮಾತು ಗಟ್ಟಿ ಮಾಡುವುದಕ್ಕೆ. ಅವ್ವ ಅಕ್ಕನ ತಲೆ ಬಾಚುತ್ತಿದ್ದಳು.

“ದೊಡ್ಡಾಕಿ ಬ್ಯಾಡ ತಮ್ಮಾ, ಸಣ್ಣಾಕಿನ್ನ ಕೊಡು,” ಅಂದಳು ಅತ್ತೆ, ನೀರು ಕುಡಿದು ಚೊಂಬು ಇಡುತ್ತ. “ಗಾಳಿ ಬಡದ ಹುಡುಗಿ. ನಾಳೆ ಹುಟ್ಟೋ ಕೂಸಿಗೂ ಬಂದರ? ಊರಿಗೆಲ್ಲಾ ನೀನ ಹೇಳೀದಿ.”

ಅವ್ವ ಬಾಗಿಲಿಗೆ ಬಂದು ಹೇಳಿದಳು, “ಗಾಳಿ ಅಲ್ರಿ ಅಕ್ಕಾರ, ಕುಬಸ ಬಡದದ. ಒಂಬತ್ತು ದಿನದ ಕುಬಸ.”

“ಹತ್ತು ವರ್ಷ ಬಾಯಾಗ ಏನ್ ಇಟ್ಕೊಂಡಿದ್ದಿ? ಈಗ ಹೇಳಿದರ ಯಾರ್ ನಂಬ್ತಾರ?” ಅಂದಳು ಅತ್ತೆ.

“ನೀ ಒಳಗ ನಡಿ,” ಅಂದರು ಅಪ್ಪ. ಅವ್ವನಿಗೆ.

ಅಡುಗೆಮನೆಯಲ್ಲಿ ಅವ್ವ ನನ್ನ ರಟ್ಟೆ ಹಿಡಿದಳು. “ಒಲ್ಲೆ ಅನ್ನು. ಅಲ್ಲೇ ಇದ್ದು ಕಣ್ಣಾರೆ ನೋಡಿದಾಕಿ ನೀ, ಅದನ್ನೂ ಹೇಳು. ತಮ್ಮನ ಮನಿ ಬಿಟ್ಟು ಆಕಿ ಬ್ಯಾರೆ ಕಡೆ ಹೆಣ್ಣು ತರೂದಿಲ್ಲ. ನೀ ಒಲ್ಲೆ ಅಂದರ ಅಕ್ಕನ್ನ ತಗೊಳ್ಳೇಬೇಕು.”

ಅತ್ತೆಯ ಮಗ ಹೈದರಾಬಾದಿನಲ್ಲಿ ಕಾಲೇಜು ಓದುತ್ತಿದ್ದ. ವಿಸಿಟಿಂಗ್ ಸಂಡೇಗಳಲ್ಲಿ ಅಪ್ಪನ ಕಾಗದ ಹಿಡಿದು ಬೋರ್ಡಿಂಗಿನ ಭೇಟಿ ಕೋಣೆಗೆ, ಪಾರ್ಲರಿಗೆ, ಬರುತ್ತಿದ್ದ. ನನ್ನ ಇಂಗ್ಲಿಷ್ ಕೇಳಿ ನಗುತ್ತಿದ್ದ. ಆ ಭಾನುವಾರಗಳಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ, ಅವನು ಅಕ್ಕನಿಗೆ ಗೊತ್ತಾದವನೆಂದು ಚೆನ್ನಾಗಿ ತಿಳಿದೂ. ನೋ, ಥ್ಯಾಂಕ್ ಯೂ ಅನ್ನುವುದನ್ನು ಸಿಸ್ಟರ್‌ಗಳು ಎಷ್ಟು ಚಂದವಾಗಿ ಕಲಿಸಿದ್ದರು! ನಾನು ಅವ್ವನ ಕೈ ಬಿಡಿಸಿಕೊಂಡು ಪಡಸಾಲೆಗೆ ಹೋಗಿ ಮಣೆಯ ಮೇಲೆ ಕುಳಿತೆ.

ಅಕ್ಕ ಬಂದಳು. ಎಡಗೈಯಲ್ಲಿ ಕಣ, ಉತ್ತತ್ತಿ ತುಂಬಿದ ಕೇರುವ ಮರ ಹಿಡಿದಿದ್ದಳು.

“ನೀ ಅತ್ತ ಸರಿಯವ್ವಾ,” ಅಂದಳು ಅತ್ತೆ. “ಉಡಿ ಬಲಗೈಲೆ ತುಂಬಬೇಕು.”

ಅಕ್ಕ ನಕ್ಕಳು. “ಬಲಗೈ ನಿಮ್ಮ ಮನ್ಯಾಗ ಬಿಟ್ಟು ಬಂದೀನಲ್ರಿ ಅತ್ತಿ. ಸಿಕ್ಕರ ಕಳಸ್ರಿ.”

ಅತ್ತೆಯೂ ನಕ್ಕುಬಿಟ್ಟಳು, ಮೊಮ್ಮಗುವಿನ ತೊದಲು ಕೇಳಿದ ಹಾಗೆ. ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ಅಕ್ಕ ನನ್ನ ಕಡೆ ತಿರುಗಿದಳು. ನಾನೊಂದು ಮಾತು ಹೇಳುತ್ತೇನೆಂದು ಕಾದಳು.

ಅತ್ತೆ ಅವಳಿಂದ ಮರ ಇಸಿದುಕೊಂಡು ನನ್ನ ಮುಂದೆ ಕೂತಳು. ನಾನು ಸೆರಗನ್ನು ಅಗಲ ಮಾಡಿ ಹಿಡಿದೆ.