ಕಣ್ಣುಜ್ಜಿ ನೋಡುವ ವ್ಯಾಪಾರಿ

ಕಡಬದ ಅಡಿಕೆ ವ್ಯಾಪಾರಿ ಸಫ್ವಾನನಿಗೆ ಇಪ್ಪತ್ತಾರು ವರ್ಷ. ಚೀಲ ಬಿಚ್ಚಿದಾಗ ಏಳುವ ದೂಳಿಗೆ ಅವನ ಕಣ್ಣು ತುರಿಸುತ್ತಿತ್ತು. ಅಡಿಕೆ ಕತ್ತರಿಸಿ ನೋಡುವುದು, ಗಸಗಸ ಕಣ್ಣುಜ್ಜುವುದು, ಮತ್ತೊಮ್ಮೆ ನೋಡುವುದು ಅವನ ಕ್ರಮ. ಎರಡು ವರ್ಷದಲ್ಲಿ ಕನ್ನಡಕದ ನಂಬರು ಮೂರು ಸಲ ಬದಲಾಯಿತು.

"ಉಜ್ಜಿ ಉಜ್ಜಿ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳುವಾಗಿ ಮುಂದಕ್ಕೆ ಉಬ್ಬಿದೆ," ಎಂದರು ಕಣ್ಣಿನ ಡಾಕ್ಟರು. "ತುರಿಕೆಗೆ ಮದ್ದು ಕೊಡ್ತೇನೆ. ಆದರೆ ಉಜ್ಜುದನ್ನು ಬಿಡ್ಲೇಬೇಕು."

ಸಫ್ವಾನ್ ಬಿಟ್ಟ.

ಮರುವಾರ ಗುತ್ತಿಗಾರಿನ ಕೃಷಿಕ ಮಹಾಲಿಂಗ ಭಟ್ಟರು ಅಡಿಕೆ ತಂದರು. ಸಫ್ವಾನ್ ಒಂದನ್ನು ಕತ್ತರಿಸಿ, ಒಂದೇ ನೋಟಕ್ಕೆ "ಒಳ್ಳೇದುಂಟು" ಎಂದ. ಭಟ್ಟರು ಚೀಲದ ಬಾಯಿ ಕಟ್ಟತೊಡಗಿದರು.

"ಎಂತ ಆಯ್ತು ಭಟ್ರೆ?"

"ನೀನು ಕಣ್ಣುಜ್ಜಿ ಸರಿಯಾಗಿ ನೋಡ್ತೀ ಅಂತ ಅಷ್ಟು ದೂರದಿಂದ ಬರುದು ಮಾರಾಯ. ಹೀಗೆ ನೋಡುವವರು ನಮ್ಮೂರಲ್ಲೇ ಇದ್ದಾರೆ."